ಎಂಪಿ3 ಫೈಲ್‌ಗಳನ್ನು ಮನೆಯಲ್ಲೇ ಸಿಡಿಗೆ ಬರ್ನ್ ಮಾಡುವುದು: ಮಾವನ ಕಾರಿಗೊಂದು ತಾಳಮದ್ದಳೆ

ಮಾವನ ಕಾರಿಗೆ ಹದಿನೈದು ವರ್ಷ ದಾಟಿತು. ಅದರ ಸ್ಟೀರಿಯೋಗೆ ಬ್ಲೂಟೂತ್ ಇಲ್ಲ, ಪೆನ್‌ಡ್ರೈವ್ ಹಾಕುವ ಜಾಗವೂ ಇಲ್ಲ. ಇರುವುದು ಸಿಡಿ ತೂರಿಸುವ ಒಂದು ಸೀಳು ಮಾತ್ರ. ಹೊಸ ಸ್ಟೀರಿಯೋ ಹಾಕಿಸೋಣ ಅಂದೆ. "ಇದಕ್ಕೆ ಎಂತ ಆಗಿದೆ ಮಾರಾಯ? ಸರಿಯಾಗೇ ಹಾಡ್ತದಲ್ಲ" ಎಂದರು. ತೊಂಬತ್ತರ ದಶಕದಲ್ಲಿ ಊರ ದೇವಸ್ಥಾನದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಅವರೇ ತುಂಬಿಸಿಕೊಂಡ ತಾಳಮದ್ದಳೆಗಳ ಕ್ಯಾಸೆಟ್ ಒಂದು ರಾಶಿ ಇತ್ತು. ಅವನ್ನೆಲ್ಲ ನಾನು ಎಂಪಿ3 ಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೆ. ಶಿರಸಿಗೆ ಹೋಗಿ ಬರುವಾಗ ದಾರಿಯಲ್ಲಿ ಅವು ಕೇಳಬೇಕು, ಅಷ್ಟೇ ಅವರ ಆಸೆ.

ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಮೂರು ಸಿಡಿ ಹಾಳಾದವು. ಮೂರಕ್ಕೂ ಕಾರಣ ನಾನೇ. ಬರ್ನ್ ಬಟನ್ ಒತ್ತುವ ಮೊದಲೇ ತಪ್ಪು ನಡೆದುಹೋಗಿತ್ತು. ಆದ್ದರಿಂದ ಈ ಲೇಖನದಲ್ಲಿ ಬರ್ನ್ ಮಾಡುವುದಕ್ಕಿಂತ ಅದರ ಮುಂಚಿನ ತಯಾರಿಯ ಮಾತೇ ಜಾಸ್ತಿ.

ಮೊದಲು ಪ್ಲೇಯರ್‌ನ ಮುಖ ನೋಡಿ

ಹಾಡಿನ ಸಿಡಿಯಲ್ಲಿ ಎರಡು ಜಾತಿ. ಒಂದು ಆಡಿಯೋ ಸಿಡಿ, ಇನ್ನೊಂದು ಎಂಪಿ3 ಸಿಡಿ. ಖಾಲಿ ಸಿಡಿ ಎರಡಕ್ಕೂ ಒಂದೇ, ಅದರಲ್ಲಿ ಬರೆಯುವ ರೀತಿ ಬೇರೆ. ನಿಮ್ಮ ಪ್ಲೇಯರ್ ಯಾವುದನ್ನು ಓದುತ್ತದೆ ಅಂತ ತಿಳಿಯದೆ ಮುಂದೆ ಹೋಗಬೇಡಿ.

ಆಡಿಯೋ ಸಿಡಿ ಎಂದರೆ 1982ರಲ್ಲಿ ಮಾರುಕಟ್ಟೆಗೆ ಬಂದ ಹಳೆಯ ಪದ್ಧತಿ. ಸಿಡಿ ಪ್ಲೇಯರ್ ಎಂದು ಕರೆಸಿಕೊಳ್ಳುವ ಎಲ್ಲವೂ ಅದನ್ನು ಹಾಡಬೇಕು. ಇದರಲ್ಲಿ ಹಾಡು ಫೈಲ್ ಆಗಿ ಇರುವುದಿಲ್ಲ. ಬರ್ನ್ ಮಾಡುವ ಸಾಫ್ಟ್‌ವೇರ್ ನಿಮ್ಮ ಎಂಪಿ3ಯನ್ನು ಬಿಚ್ಚಿ, ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ), ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್ ಲೆಕ್ಕದಲ್ಲಿ ಹರಡಿ ಬರೆಯುತ್ತದೆ. ಐದು ಎಂಬಿ ಇದ್ದ ಐದು ನಿಮಿಷದ ಹಾಡು ಅಲ್ಲಿ ಐವತ್ತು ಎಂಬಿ ದಾಟುತ್ತದೆ. ಹಾಗಂತ ಗುಣಮಟ್ಟ ಹೆಚ್ಚಿತು ಅಂದುಕೊಳ್ಳಬೇಡಿ. ಹಪ್ಪಳ ಎಣ್ಣೆಯಲ್ಲಿ ಅರಳಿದರೆ ಅಗಲ ಜಾಸ್ತಿ ಆಗುತ್ತದೆ, ಹಿಟ್ಟು ಜಾಸ್ತಿ ಆಗುವುದಿಲ್ಲ ಅಲ್ವಾ? ಎಂಪಿ3 ಮಾಡುವಾಗ ಕಳೆದುಹೋದದ್ದು ವಾಪಸ್ ಬರುವುದಿಲ್ಲ.

ಆಡಿಯೋ ಸಿಡಿಗೆ ಎಂಬಿ ಲೆಕ್ಕ ಬೇಡ, ನಿಮಿಷದ ಲೆಕ್ಕ ನೋಡಿ. ಸಿಡಿಯ ಮೇಲೆ '700 ಎಂಬಿ / 80 ನಿಮಿಷ' ಎಂದು ಎರಡನ್ನೂ ಬರೆದಿರುವುದು ಅದಕ್ಕೇ. ನೂರು ಎಂಬಿ ಹಾಡು ಹಾಕಿದರೂ ಸಿಡಿ ತುಂಬಿತು ಅನ್ನುತ್ತದಲ್ಲ, ಇದೇನು ಎಂದು ತಲೆ ಕೆರೆದುಕೊಳ್ಳುವವರು ಬಹಳ. 80 ನಿಮಿಷ, 99 ಟ್ರ್ಯಾಕ್, ಅದರಾಚೆ ಜಾಗವಿಲ್ಲ.

ಎಂಪಿ3 ಸಿಡಿಯಲ್ಲಿ ಫೈಲ್ ಇದ್ದ ಹಾಗೇ ಕೂರುತ್ತದೆ, ಪೆನ್‌ಡ್ರೈವಿನಲ್ಲಿ ಕೂತ ಹಾಗೆ. ಇದನ್ನೇ ಡೇಟಾ ಸಿಡಿ ಎನ್ನುವುದು. ಇಲ್ಲಿ 700 ಎಂಬಿ ಲೆಕ್ಕ. ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಡೇಟಾ ಖರ್ಚು ಎನ್ನುವುದೇ ಬಿಟ್‌ರೇಟ್, ಅದನ್ನು ಅಳೆಯುವುದು ಕೆಬಿಪಿಎಸ್‌ನಲ್ಲಿ. 128 ಕೆಬಿಪಿಎಸ್ ಇದ್ದರೆ ಒಂದು ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಎಂಬಿ, ಹನ್ನೆರಡು ಗಂಟೆಯ ಹಾಡು ಹಿಡಿಯುತ್ತದೆ. 192 ಆದರೆ ಎಂಟು ಗಂಟೆ, 320 ಆದರೆ ಐದು ಗಂಟೆ. ಬಸ್‌ಸ್ಟ್ಯಾಂಡಿನಲ್ಲಿ 'ನೂರೈವತ್ತು ಹಾಡು' ಎಂದು ಮಾರುತ್ತಿದ್ದ ಸಿಡಿಗಳು ಈ ಜಾತಿಯವು.

ಪ್ಲೇಯರ್ ಎಂಪಿ3 ಓದುತ್ತದೋ ಇಲ್ಲವೋ ಎಂದು ತಿಳಿಯಲು ಅದರ ಮುಖ ನೋಡಿದರೆ ಸಾಕು. ಸಿಡಿ ಹಾಕುವ ಸೀಳಿನ ಹತ್ತಿರ ಅಥವಾ ಡಿಸ್‌ಪ್ಲೇ ಪಕ್ಕದಲ್ಲಿ ಎಂಪಿ3 ಎಂದು ಅಚ್ಚಾಗಿರುತ್ತದೆ. ಮಾವನ ಸ್ಟೀರಿಯೋದಲ್ಲಿ ಮೊದಲು ಏನೂ ಕಾಣಲಿಲ್ಲ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದ ಮೇಲೆ ವಾಲ್ಯೂಮ್ ತಿರುವುವ ಗುಂಡಿಯ ಕೆಳಗೆ, ಅರ್ಧ ಸವೆದ ಬಿಳಿ ಅಕ್ಷರದಲ್ಲಿ ಅಕ್ಕಿಕಾಳಿನಷ್ಟು ದೊಡ್ಡದಾಗಿ ಇತ್ತು. ಟಿವಿಗೆ ಹಾಕುವ ಡಿವಿಡಿ ಪ್ಲೇಯರ್‌ಗಳು ಸಾಮಾನ್ಯವಾಗಿ ಎಂಪಿ3 ಓದುತ್ತವೆ. ಎಲ್ಲೂ ಬರೆದಿಲ್ಲ ಎಂದರೆ ಆಡಿಯೋ ಸಿಡಿಯೇ ಮಾಡಿ, ಅದು ಎಲ್ಲ ಕಡೆ ನಡೆಯುತ್ತದೆ.

ಬೇಕಾದ ಸಾಮಾನು

ಈಗಿನ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಇರುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ಹೊರಗಿನ ಡಿವಿಡಿ ರೈಟರ್ ತಗೊಳ್ಳಿ. ಆನ್‌ಲೈನಿನಲ್ಲೂ ಸಿಗುತ್ತದೆ, ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲೂ ಹುಡುಕಬಹುದು. ಡಿವಿಡಿ ರೈಟರ್ ಸಿಡಿಯನ್ನೂ ಬರೆಯುತ್ತದೆ. ಅದನ್ನು ಯುಎಸ್‌ಬಿ ಹಬ್‌ಗೆ ಚುಚ್ಚದೆ ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿ. ಬರೆಯುವಾಗ ಕರೆಂಟ್ ಜಾಸ್ತಿ ಎಳೆಯುತ್ತದೆ, ಸಾಲದಿದ್ದರೆ ಅರ್ಧಕ್ಕೆ ಕೈಕೊಡುತ್ತದೆ. ಕೆಲವು ರೈಟರ್‌ಗೆ ಎರಡು ಬಾಯಿಯ ವೈರ್ ಕೊಟ್ಟಿರುತ್ತಾರೆ, ಎರಡನ್ನೂ ಚುಚ್ಚಬೇಕು.

ಖಾಲಿ ಸಿಡಿ ಕೊಳ್ಳುವಾಗ ಸಿಡಿ-ಆರ್ ಕೇಳಿ, ಅಂದರೆ ಒಂದೇ ಸಲ ಬರೆಯುವಂಥದ್ದು. ಸಿಡಿ-ಆರ್‌ಡಬ್ಲ್ಯೂ ಅಳಿಸಿ ಬರೆಯಬಹುದಾದದ್ದು, ಕೇಳಲು ಚೆನ್ನ. ಆದರೆ ಅದರಿಂದ ಬೆಳಕು ಕಡಿಮೆ ವಾಪಸ್ ಬರುತ್ತದೆ. ಹಳೆಯ ಪ್ಲೇಯರ್‌ನ ಲೇಸರ್ ಕಣ್ಣಿಗೆ ಅದು ಕಾಣುವುದೇ ಇಲ್ಲ. ಡಿವಿಡಿಯಲ್ಲಿ ಜಾಗ ಆರು ಪಟ್ಟಿಗಿಂತ ಹೆಚ್ಚಿದ್ದರೂ ಸಿಡಿ ಮಾತ್ರ ಓದುವ ಸ್ಟೀರಿಯೋಗೆ ಅದು ಬರಿ ಬಿಲ್ಲೆ.

ಫೈಲ್‌ಗಳನ್ನು ಸಿದ್ಧ ಮಾಡುವುದು

ಅವಸರ ಮಾಡಬಾರದ ಜಾಗ ಇದು.

ಮೊದಲು ಎಲ್ಲ ಫೈಲೂ ನಿಜಕ್ಕೂ ಎಂಪಿ3 ಹೌದಾ ನೋಡಿ. ವಾಟ್ಸಾಪಿನಲ್ಲಿ ಬಂದ ಆಡಿಯೋ ಬಹಳ ಸಲ ಓಪಸ್ ಅಥವಾ ಎಂ4ಎ ಆಗಿರುತ್ತದೆ. ಹೆಸರಿನ ಬಾಲ ಅಳಿಸಿ ಎಂಪಿ3 ಎಂದು ಬರೆದರೆ ಫೈಲ್ ಬದಲಾಗುವುದಿಲ್ಲ. ನನ್ನ ಎರಡನೇ ಸಿಡಿ ಹಾಳಾದದ್ದು ಹೀಗೇ. ಯಾರೋ ಹೆಸರು ಬದಲಿಸಿ ಕಳಿಸಿದ್ದ ಎರಡು ಫೈಲ್ ಬಂದ ಕೂಡಲೇ ಸ್ಟೀರಿಯೋ ಮೂಕವಾಗುತ್ತಿತ್ತು. ವಿಎಲ್‌ಸಿ ಪ್ಲೇಯರ್‌ನಲ್ಲಿ ಮೀಡಿಯಾ ಮೆನುಗೆ ಹೋಗಿ 'ಕನ್ವರ್ಟ್/ಸೇವ್' ಒತ್ತಿ ಎಂಪಿ3 ಮಾಡಿಕೊಳ್ಳಿ. ಅಡಾಸಿಟಿ ಎಂಬ ಆಡಿಯೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆರೆದು ಎಕ್ಸ್‌ಪೋರ್ಟ್ ಮಾಡಿದರೂ ಆಯಿತು. ಆಡಿಯೋ ಸಿಡಿ ಮಾಡುವವರಿಗೆ ಈ ತಾಪತ್ರಯ ಕಡಿಮೆ. ಸಾಫ್ಟ್‌ವೇರ್‌ಗೆ ಆ ಫೈಲ್ ಓದಲು ಬಂದರೆ ಸಾಕು, ಅದೇ ಬಿಚ್ಚಿ ಬರೆಯುತ್ತದೆ.

ಹಾಡಿನ ಆ್ಯಪ್‌ಗಳಲ್ಲಿ 'ಡೌನ್‌ಲೋಡ್' ಮಾಡಿಟ್ಟದ್ದು ಇಲ್ಲಿ ನಡೆಯುವುದಿಲ್ಲ. ಅವು ಬೀಗ ಹಾಕಿದ ಫೈಲ್‌ಗಳು, ಆ ಆ್ಯಪ್ ಬಿಟ್ಟು ಹೊರಗೆ ಬರುವುದಿಲ್ಲ. ನೀವೇ ರೆಕಾರ್ಡ್ ಮಾಡಿದ್ದು, ದುಡ್ಡು ಕೊಟ್ಟು ಕೊಂಡ ಫೈಲ್, ಮನೆಯಲ್ಲಿರುವ ಸಿಡಿಯಿಂದ ತೆಗೆದದ್ದು, ಇಂಥವನ್ನು ಸ್ವಂತ ಕೇಳುವಿಕೆಗೆ ಬರ್ನ್ ಮಾಡಿ. ಕಾಪಿ ಮಾಡಿ ಮಾರುವ ಕೆಲಸ ಬೇಡ.

ಇನ್ನು ಬಿಟ್‌ರೇಟ್. ಹಾಡಿಗೆ 128ಕ್ಕಿಂತ ಕೆಳಗೆ ಇಳಿಯಬೇಡಿ, 192 ಇದ್ದರೆ ಕಾರಿಗೆ ಧಾರಾಳ. ತಾಳಮದ್ದಳೆ, ಹರಿಕಥೆ, ಪ್ರವಚನಕ್ಕೆ ಲೆಕ್ಕ ಬೇರೆ. ಮಾವನ ರೆಕಾರ್ಡಿಂಗ್ ಒಂದೇ ಮೈಕಿನದು, ಎಡಬಲ ಎರಡರಲ್ಲೂ ಒಂದೇ ಸದ್ದು. ಅದನ್ನು ಸುಮ್ನೆ ಎರಡು ಚಾನೆಲ್ ಮಾಡಿ ಜಾಗ ಕಳೆಯುವುದು ಯಾಕೆ? ಮೋನೋ, ಅಂದರೆ ಒಂದೇ ಚಾನೆಲ್, 64 ಕೆಬಿಪಿಎಸ್ ಮಾಡಿದೆ. ನಾಲ್ಕು ಗಂಟೆಯ ಪ್ರಸಂಗ 115 ಎಂಬಿಗೆ ಬಂತು. ಒಂದು ಸಿಡಿಯಲ್ಲಿ ಆರು ಪ್ರಸಂಗ! ಚೆಂಡೆಯ ಪೆಟ್ಟು ಸ್ವಲ್ಪ ಮಂಕಾಯಿತು ನಿಜ, ಆದರೆ ಅರ್ಥಧಾರಿಗಳ ಮಾತು ಒಂದೂ ತಪ್ಪದೆ ಕೇಳುತ್ತದೆ. ಸ್ಯಾಂಪಲ್ ರೇಟ್ ಮಾತ್ರ 44,100ರಲ್ಲೇ ಬಿಡಿ, ಇನ್ನೂ ಇಳಿಸಿದರೆ ಕೆಲವು ಹಳೆಯ ಪ್ಲೇಯರ್ ಓದುವುದಿಲ್ಲ. ಬಿಟ್‌ರೇಟ್ ಕೇಳುವಲ್ಲಿ 'ಕಾನ್‌ಸ್ಟೆಂಟ್' ಆರಿಸಿ. 'ವೇರಿಯಬಲ್' ಇದ್ದರೆ ಹಳೆಯ ಸ್ಟೀರಿಯೋಗಳು ಸಮಯವನ್ನು ತಪ್ಪು ತೋರಿಸುತ್ತವೆ.

ಉದ್ದ ಫೈಲನ್ನು ತುಂಡು ಮಾಡಿ. ಈ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಒಂದೂವರೆ ಗಂಟೆಯ ಒಂದೇ ಫೈಲ್ ಹಾಕಿದ್ದೆ. ಮಾವ ಪೇಟೆಯಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಅಡಿಕೆ ಮಂಡಿಗೆ ಹೋಗಿ ಬರುತ್ತಾರೆ. ಮತ್ತೆ ಚಾಲೂ ಮಾಡಿದರೆ ಅವರ ಸ್ಟೀರಿಯೋ ಆ ಫೈಲಿನ ಮೊದಲಿಗೆ ಹೋಗಿ ಕೂರುತ್ತಿತ್ತು. ಭಾಗವತರ ಗಣಪತಿ ಸ್ತುತಿಯನ್ನು ಒಂದೇ ದಿನ ನಾಲ್ಕು ಸಲ ಕೇಳಿದರಂತೆ. ಹತ್ತು ನಿಮಿಷದ ತುಂಡು ಮಾಡಿದರೆ ಹಿಂದೆ ಹೋದರೂ ಹತ್ತೇ ನಿಮಿಷ ಹೋಗುತ್ತದೆ. ಅಡಾಸಿಟಿಯಲ್ಲಿ 'ರೆಗ್ಯುಲರ್ ಇಂಟರ್ವಲ್ ಲೇಬಲ್ಸ್' ಎಂಬ ಆಯ್ಕೆ ಇದೆ. 600 ಸೆಕೆಂಡ್ ಕೊಟ್ಟರೆ ಅದೇ ಗುರುತು ಹಾಕುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ 'ಮಲ್ಟಿಪಲ್ ಫೈಲ್ಸ್' ಆರಿಸಿದರೆ ತುಂಡು ತುಂಡಾಗಿ ಹೊರಬರುತ್ತವೆ. ಪುರುಸೊತ್ತಿದ್ದರೆ ಗುರುತನ್ನು ಆಚೀಚೆ ಎಳೆದು ಪದ್ಯ ಶುರುವಾಗುವ ಜಾಗಕ್ಕೆ ತನ್ನಿ, ಇಲ್ಲದಿದ್ದರೆ ಭೀಷ್ಮನ ಮಾತು ಅರ್ಧಕ್ಕೆ ತುಂಡಾಗುತ್ತದೆ. ಮತ್ತೊಮ್ಮೆ ಎಂಪಿ3 ಮಾಡದೆ, ಇದ್ದ ಫೈಲನ್ನೇ ಕತ್ತರಿಸಬೇಕು ಎನ್ನುವವರಿಗೆ ಎಂಪಿ3ಡೈರೆಕ್ಟ್‌ಕಟ್ ಎಂಬ ಪುಟ್ಟ ಸಾಫ್ಟ್‌ವೇರ್ ಇದೆ.

ಸದ್ದು ಒಂದೇ ಮಟ್ಟಕ್ಕೆ ತರುವುದೂ ಒಳ್ಳೆಯದು. ಒಂದು ಕ್ಯಾಸೆಟ್ ಪಿಸುಗುಟ್ಟುತ್ತದೆ, ಇನ್ನೊಂದು ಕಿರುಚುತ್ತದೆ. ಗಾಡಿ ಓಡಿಸುವವರು ಗುಂಡಿ ತಿರುವುತ್ತಾ ಕೂರಬಾರದು. ಎಂಪಿ3ಗೇನ್ ಎಂಬ ಸಾಫ್ಟ್‌ವೇರ್‌ಗೆ ಎಲ್ಲ ಫೈಲ್ ಕೊಟ್ಟರೆ ಮಟ್ಟ ಸರಿಮಾಡುತ್ತದೆ, ಹಾಡನ್ನು ಮತ್ತೆ ಕುಗ್ಗಿಸುವುದಿಲ್ಲ.

ಕೊನೆಗೆ ಹೆಸರು. ಪ್ಲೇಯರ್ ಹೆಸರಿನ ಅಕ್ಷರ ಕ್ರಮದಲ್ಲಿ ಹಾಡುತ್ತದೆ. 1, 2, 3 ಎಂದು ಬರೆದರೆ 1 ಆದ ಮೇಲೆ 10, 11 ಬಂದು ಆಮೇಲೆ 2 ಬರುತ್ತದೆ. ಯುದ್ಧ ಮುಗಿದ ಮೇಲೆ ಸಂಧಾನ! 01, 02, 03 ಎಂದೇ ಬರೆಯಿರಿ. ನೂರು ದಾಟುವುದಾದರೆ 001. ಹಾಗೇ ಫೈಲಿಗೂ ಫೋಲ್ಡರಿಗೂ ಕನ್ನಡದಲ್ಲಿ ಹೆಸರಿಡಬೇಡಿ. ಬರೆಯಲು ನನಗೂ ಬೇಸರವೇ. ಆದರೆ ಆ ಕಾಲದ ಸ್ಟೀರಿಯೋಗಳಿಗೆ ಕನ್ನಡ ಅಕ್ಷರ ಗೊತ್ತಿಲ್ಲ. ಚೌಕ ಚೌಕ ತೋರಿಸುತ್ತವೆ, ಕೆಲವು ಫೈಲನ್ನೇ ಬಿಟ್ಟು ಮುಂದೆ ಹೋಗುತ್ತವೆ. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಇಷ್ಟರಲ್ಲೇ ಮುಗಿಸಿ. ಹೆಸರು ಗಿಡ್ಡ ಇರಲಿ. ಫೈಲಿನ ಒಳಗೂ ಹಾಡಿನ ಹೆಸರು, ಹಾಡಿದವರ ಹೆಸರು ಬರೆದಿರುತ್ತದೆ. ಅಲ್ಲಿ ಕನ್ನಡ ಇದ್ದರೆ ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್‌ನಲ್ಲಿ ಬದಲಿಸಿ. ಒಂದು ಪ್ರಸಂಗಕ್ಕೆ ಒಂದು ಫೋಲ್ಡರ್ ಮಾಡಿ. ಫೋಲ್ಡರ್ ಒಳಗೆ ಮತ್ತೆ ಫೋಲ್ಡರ್ ಬೇಡ.

ವಿಂಡೋಸ್‌ನಲ್ಲಿ ಎಂಪಿ3 ಸಿಡಿ

ಬೇರೆ ಸಾಫ್ಟ್‌ವೇರ್ ಬೇಕೇ ಬೇಕು ಎಂದಿಲ್ಲ.

1. ಖಾಲಿ ಸಿಡಿ ಹಾಕಿ. 'ಬರ್ನ್ ಎ ಡಿಸ್ಕ್' ಎಂಬ ಕಿಟಕಿ ಬರುತ್ತದೆ. ಬರದಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಡ್ರೈವಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ.

2. ಡಿಸ್ಕಿಗೆ ಇಂಗ್ಲಿಷಿನಲ್ಲಿ ಒಂದು ಗಿಡ್ಡ ಹೆಸರು ಕೊಡಿ. ಕೆಳಗೆ ಎರಡು ಆಯ್ಕೆ ಇರುತ್ತದೆ. ಮೊದಲನೆಯದು 'ಲೈಕ್ ಎ ಯುಎಸ್‌ಬಿ ಫ್ಲ್ಯಾಶ್ ಡ್ರೈವ್', ಎರಡನೆಯದು 'ವಿತ್ ಎ ಸಿಡಿ/ಡಿವಿಡಿ ಪ್ಲೇಯರ್'. ಎರಡನೆಯದನ್ನೇ ಒತ್ತಿ. ನನ್ನ ಮೊದಲ ಸಿಡಿ ಇಲ್ಲಿ ಹೋಯಿತು. ಪೆನ್‌ಡ್ರೈವಿನ ಹಾಗೆ ಅಂದರೆ ಸುಲಭ ಇರಬೇಕು ಎಂದು ಮೊದಲನೆಯದನ್ನು ಒತ್ತಿದೆ. ಲ್ಯಾಪ್‌ಟಾಪಿನಲ್ಲಿ ಚೆಂದವಾಗಿ ಹಾಡಿತು, ಕಾರಿನಲ್ಲಿ 'ಎರರ್' ಅಂತು. ಆ ಪದ್ಧತಿ ಕಂಪ್ಯೂಟರುಗಳಿಗಷ್ಟೇ ಅರ್ಥವಾಗುವಂಥದ್ದು.

3. ಫೋಲ್ಡರ್‌ಗಳನ್ನು ಎಳೆದು ಡ್ರೈವಿನ ಮೇಲೆ ಬಿಡಿ. ಇನ್ನೂ ಸಿಡಿಗೆ ಬರೆದಿಲ್ಲ, ಸರದಿಯಲ್ಲಿ ನಿಂತಿವೆ ಅಷ್ಟೇ. ಕ್ರಮ, ಹೆಸರು ಇನ್ನೊಮ್ಮೆ ನೋಡಿ.

4. ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಬರ್ನ್ ಟು ಡಿಸ್ಕ್' ಆರಿಸಿ. ಆಡಿಯೋ ಸಿಡಿನಾ ಡೇಟಾ ಸಿಡಿನಾ ಎಂದು ಕೇಳಿದರೆ ಡೇಟಾ ಎನ್ನಿ.

5. ವೇಗ 16 ಅಥವಾ 24 ಎಕ್ಸ್ ಇಡಿ. ಸಿಡಿಯ ಮೇಲೆ 52 ಎಕ್ಸ್ ಎಂದು ಬರೆದಿದೆ ಎಂದು ಅಷ್ಟು ಓಡಿಸಬೇಕಿಲ್ಲ. 1 ಎಕ್ಸ್ ಎಂದರೆ ಸೆಕೆಂಡಿಗೆ 150 ಕೆಬಿ, ಹಾಗಾಗಿ 16 ಎಕ್ಸ್‌ನಲ್ಲೂ ತುಂಬಿದ ಸಿಡಿಗೆ ಐದಾರು ನಿಮಿಷ ಸಾಕು. ಒಂದು ಲೋಟ ಚಹಾ ಕುಡಿಯುವ ಹೊತ್ತು.

6. ಆ ಐದಾರು ನಿಮಿಷ ಲ್ಯಾಪ್‌ಟಾಪ್ ಮುಟ್ಟಬೇಡಿ, ರೈಟರ್ ಅಲುಗಿಸಬೇಡಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಎಷ್ಟಿದೆ ನೋಡಿಕೊಂಡೇ ಶುರುಮಾಡಿ.

ಮುಗಿದ ಮೇಲೆ ಸಿಡಿಯ ಹಿಂಬದಿಯನ್ನು ಬೆಳಕಿಗೆ ಓರೆ ಹಿಡಿಯಿರಿ. ಒಳಗಿನ ತೂತಿನ ಕಡೆಯಿಂದ ಒಂದಷ್ಟು ದೂರ ಬಣ್ಣ ತುಸು ಗಾಢವಾಗಿ, ಅಲ್ಲಿಂದಾಚೆ ತಿಳಿಯಾಗಿ ಕಾಣುತ್ತದೆ. ಗಾಢ ಇರುವಷ್ಟು ಜಾಗ ಬರೆದದ್ದು, ಸಿಡಿ ಒಳಗಿನಿಂದ ಹೊರಕ್ಕೆ ಬರೆಯುತ್ತಾ ಹೋಗುತ್ತದೆ. ಸರಿಯಾಗಿ ಬರೆದಿದೆಯೇ ಎಂದು ತಿಳಿಯಲು ಇಡೀ ಸಿಡಿಯನ್ನು ಲ್ಯಾಪ್‌ಟಾಪಿನ ಒಂದು ಹೊಸ ಫೋಲ್ಡರಿಗೆ ಕಾಪಿ ಮಾಡಿ ನೋಡಿ. ಎಲ್ಲೂ ನಿಲ್ಲದೆ ಕಾಪಿ ಆಯಿತೆಂದರೆ ಚೆನ್ನಾಗಿದೆ. ಸಿಡಿಬರ್ನರ್‌ಎಕ್ಸ್‌ಪಿ, ಇಮ್ಗ್‌ಬರ್ನ್ ಥರದ ಉಚಿತ ಸಾಫ್ಟ್‌ವೇರ್ ಬಳಸಿದರೆ 'ವೆರಿಫೈ' ಎಂಬ ಆಯ್ಕೆಯೇ ಇರುತ್ತದೆ. 'ಫೈನಲೈಸ್' ಅಥವಾ 'ಕ್ಲೋಸ್ ಡಿಸ್ಕ್' ಎಂದು ಕಂಡರೆ ಅದನ್ನೂ ಟಿಕ್ ಮಾಡಿ. ಜಾಗ ಉಳಿದಿದೆ, ನಾಳೆ ಇನ್ನೆರಡು ಹಾಡು ಸೇರಿಸೋಣ ಎಂದು ಸಿಡಿಯನ್ನು ತೆರೆದಿಡಬೇಡಿ. ಹಳೆಯ ಪ್ಲೇಯರ್ ಮೊದಲ ಕಂತನ್ನಷ್ಟೇ ಓದಿ ಸುಮ್ಮನಾಗಬಹುದು.

ಆಡಿಯೋ ಸಿಡಿ ಬೇಕಾದವರಿಗೆ

ವಿಂಡೋಸ್ ಮೀಡಿಯಾ ಪ್ಲೇಯರ್ ತೆರೆಯಿರಿ. ವಿಂಡೋಸ್ 11ರಲ್ಲಿ ಇದರ ಹೆಸರಿನ ಮುಂದೆ 'ಲೆಗಸಿ' ಎಂದಿರುತ್ತದೆ. ಬಲಗಡೆ 'ಬರ್ನ್' ಟ್ಯಾಬ್ ಒತ್ತಿ, ಅದರ ಆಯ್ಕೆಗಳಲ್ಲಿ 'ಆಡಿಯೋ ಸಿಡಿ' ಆರಿಸಿ. ಹಾಡುಗಳನ್ನು ಎಳೆದು ಹಾಕಿ, ಬೇಕಾದ ಕ್ರಮಕ್ಕೆ ತನ್ನಿ, 'ಸ್ಟಾರ್ಟ್ ಬರ್ನ್' ಒತ್ತಿ. ಎಷ್ಟು ನಿಮಿಷ ಉಳಿದಿದೆ ಎಂದು ಮೇಲೆ ತೋರಿಸುತ್ತಿರುತ್ತದೆ. ಎರಡು ಹಾಡಿನ ನಡುವೆ ಎರಡು ಸೆಕೆಂಡು ಮೌನ ಬರುತ್ತದೆ. ಹಾಡುಗಳಿಗೆ ಅದು ಚೆನ್ನ. ಕಛೇರಿ, ತಾಳಮದ್ದಳೆಯಂಥ ಒಂದೇ ಓಟದ ರೆಕಾರ್ಡಿಂಗ್‌ಗೆ ಬರ್ನ್ ಆಯ್ಕೆಗಳಲ್ಲಿ 'ವಿದೌಟ್ ಗ್ಯಾಪ್ಸ್' ಟಿಕ್ ಮಾಡಿ. ಆದರೂ ಕಣ್ಣು ಮಿಟುಕಿಸುವಷ್ಟು ತಡೆ ಉಳಿಯಬಹುದು. ಎಂಪಿ3 ಮಾಡುವಾಗಲೇ ಫೈಲಿನ ಹಿಂದುಮುಂದು ಚೂರು ಮೌನ ಸೇರಿಕೊಂಡಿರುತ್ತದೆ.

ಇದೇ ಪ್ಲೇಯರ್‌ನಲ್ಲಿ 'ಡೇಟಾ ಸಿಡಿ' ಆಯ್ಕೆಯೂ ಇದೆ. ಆದರೆ ಅದು ಹಾಡಿದವರ ಹೆಸರು, ಆಲ್ಬಂ ಹೆಸರು ನೋಡಿ ತನ್ನಿಷ್ಟದಂತೆ ಫೋಲ್ಡರ್ ಮಾಡಿಬಿಡಬಹುದು. ನನ್ನ ಮೂರನೇ ಸಿಡಿಯ ಕಥೆ ಅದು. 'ಅನ್‌ನೋನ್ ಆರ್ಟಿಸ್ಟ್' ಎಂಬ ಫೋಲ್ಡರಿನಲ್ಲಿ ಎಲ್ಲ ಪ್ರಸಂಗಗಳೂ ಕಲಸುಮೇಲೋಗರ.

ಮ್ಯಾಕ್‌ನಲ್ಲಿ ಮ್ಯೂಸಿಕ್ ಆ್ಯಪ್ ತೆರೆದು ಪ್ಲೇಲಿಸ್ಟ್ ಮಾಡಿ, ಫೈಲ್ ಮೆನುವಿನಲ್ಲಿ 'ಬರ್ನ್ ಪ್ಲೇಲಿಸ್ಟ್ ಟು ಡಿಸ್ಕ್' ಒತ್ತಿದರೆ ಆಡಿಯೋ ಸಿಡಿ, ಎಂಪಿ3 ಸಿಡಿ ಎಂದು ನೇರವಾಗಿ ಕೇಳುತ್ತದೆ. ಲಿನಕ್ಸ್‌ನವರಿಗೆ ಬ್ರಾಸೆರೋ ಅಥವಾ ಕೆ3ಬಿ.

ಬರೆದ ಮೇಲೆ

ಸಿಡಿಯ ಹೊಳೆಯುವ ಬದಿಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಲೇಬಲ್ ಬದಿಯನ್ನು ಮೇಜಿನ ಮೇಲೆ ಉಜ್ಜುತ್ತಾರೆ. ನಿಜಕ್ಕೂ ನಾಜೂಕು ಇರುವುದು ಲೇಬಲ್ ಬದಿ. ಹೊಳೆಯುವ ಬದಿಗೆ ಒಂದು ಮಿಲಿಮೀಟರಿಗಿಂತ ದಪ್ಪನೆಯ ಪ್ಲಾಸ್ಟಿಕ್ ಇದೆ. ಬರಹ ಇರುವ ಪದರದ ಮೇಲೆ ಲೇಬಲ್ ಬದಿಯಲ್ಲಿ ಇರುವುದು ತೆಳ್ಳನೆಯ ಲೇಪ ಮಾತ್ರ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಹಾಡಿನ ಮೇಲೇ ಗೀರಿದಂತೆ. ಸಿಡಿ ಮಾರ್ಕರ್ ತಗೊಂಡು ಮೆಲ್ಲಗೆ ಬರೆಯಿರಿ. ಇಲ್ಲಿ ಕನ್ನಡದಲ್ಲೇ ಬರೆಯಬಹುದು, ಯಾವ ಸ್ಟೀರಿಯೋನೂ ತಕರಾರು ತೆಗೆಯುವುದಿಲ್ಲ. ಕಾಗದದ ಸ್ಟಿಕ್ಕರ್ ಅಂಟಿಸಬೇಡಿ. ಕಾರಿನ ಬಿಸಿಗೆ ಅಂಚು ಎದ್ದು ಸೀಳಿನೊಳಗೆ ಸಿಕ್ಕಿಕೊಂಡರೆ ಸಿಡಿ ಹೊರಗೇ ಬರುವುದಿಲ್ಲ.

ಬಿಸಿಲಿಗೆ ಡ್ಯಾಶ್‌ಬೋರ್ಡಿನ ಮೇಲೆ ಇಡಬಾರದು. ಸಿಡಿ-ಆರ್‌ನಲ್ಲಿ ಬರಹ ಇರುವುದು ಒಂದು ಬಣ್ಣದ ಪದರದಲ್ಲಿ, ಬೆಳಕು ಮತ್ತು ಬಿಸಿ ಎರಡೂ ಅದಕ್ಕೆ ಆಗದು. ಲ್ಯಾಪ್‌ಟಾಪಿನ ಫೈಲ್‌ಗಳನ್ನು ಅಳಿಸದೆ ಉಳಿಸಿಕೊಳ್ಳಿ, ಎರಡು ವರ್ಷಕ್ಕೆ ಸಿಡಿ ತಡವರಿಸಿದರೆ ಇನ್ನೊಂದು ಬರ್ನ್ ಮಾಡಬಹುದು.

ಎಲ್ಲ ಸರಿ ಮಾಡಿದರೂ ಹಾಡದಿದ್ದರೆ ಮೊದಲು ಅಂಗಡಿಯಲ್ಲಿ ಕೊಂಡ ಒಂದು ಸಿಡಿ ಹಾಕಿ ನೋಡಿ. ಅದೂ ತಡವರಿಸಿದರೆ ಪ್ಲೇಯರ್‌ನ ಕಣ್ಣಿಗೇ ಧೂಳು ಕೂತಿದೆ. ಅದು ಹಾಡಿ ನಿಮ್ಮದು ಹಾಡದಿದ್ದರೆ ಬೇರೆ ಬ್ರಾಂಡಿನ ಖಾಲಿ ಸಿಡಿಯಲ್ಲಿ ವೇಗ ಇಳಿಸಿ ಇನ್ನೊಮ್ಮೆ ಬರ್ನ್ ಮಾಡಿ.

ನಾಲ್ಕನೇ ಸಿಡಿ ಈಗ ಮಾವನ ಕಾರಿನಲ್ಲಿ ಓಡುತ್ತಿದೆ. ಹಾಳಾದ ಮೂರನ್ನು ಅತ್ತೆ ದಾರ ಕಟ್ಟಿ ಬಸಳೆ ಚಪ್ಪರಕ್ಕೆ ನೇತುಹಾಕಿದ್ದಾರೆ, ಹಕ್ಕಿ ಬರದ ಹಾಗೆ. ಮೊನ್ನೆ ಮಾವ ಫೋನ್ ಮಾಡಿದರು. ಅವರ ಭಾವನಿಗೂ ಒಂದು ಸೆಟ್ ಬೇಕಂತೆ. ಅವರ ಪ್ಲೇಯರ್‌ನ ಫೋಟೋ ಕಳಿಸಿ ಎಂದೆ. ಕಳಿಸಿದರು. ಎಷ್ಟು ದೊಡ್ಡದು ಮಾಡಿ ನೋಡಿದರೂ ಎಂಪಿ3 ಎಂಬ ಅಕ್ಷರ ಎಲ್ಲೂ ಇಲ್ಲ. ನಾಲ್ಕು ಗಂಟೆಯ ಪ್ರಸಂಗ, ಎಂಬತ್ತು ನಿಮಿಷದ ಸಿಡಿ. ಮೂರಕ್ಕೆ ಬಿಗಿಯಾಗುತ್ತದೆ, ಒಂದು ಪ್ರಸಂಗಕ್ಕೆ ನಾಲ್ಕರಂತೆ ಇಪ್ಪತ್ತನಾಲ್ಕು ಖಾಲಿ ಸಿಡಿ ತರಿಸಬೇಕು.